ಮಾಮೂ ನೋಡಿದ ಫೈನಲ್

ಅರಕೇರಾದ ನಮ್ಮ ಮನೆಯಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಮಾತಿಲ್ಲ. ಆದರೆ 2023ರ ಮಾರ್ಚ್ 4ರಂದು ಸಂತೋಷ್ ಟ್ರೋಫಿ ಫೈನಲ್ ನಡೆದದ್ದು ರಿಯಾದ್‌ನಲ್ಲಿ. ದೇಶದ ಹೊರಗೆ ಅದೇ ಮೊದಲು. ಅಲ್ಲೇ ದುಡಿಯುವ ಮಾಮೂ ಸ್ಟೇಡಿಯಂಗೆ ಹೋಗಿದ್ದರು. ಅದಕ್ಕೇ ಅಮ್ಮಿಯೂ ಮೊಬೈಲ್ ಮುಂದೆ ಕೂತರು.

ಮೇಘಾಲಯದ ಮೇಲೆ ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ವಿರಾಮಕ್ಕೆ ಮುಂಚೆ ರಾಬಿನ್ ಯಾದವ್ ಹೊಡೆದ ಫ್ರೀ ಕಿಕ್, ಅಬ್ಬಾ! 3-2 ಆದಾಗ ಅಮ್ಮಿ ದುವಾ ಓದತೊಡಗಿದರು. (ಆಫ್‌ಸೈಡ್ ಅಂದರೆ ಏನೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.) ಮೈಸೂರು ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ನಮ್ಮ ರಾಜ್ಯಕ್ಕೆ ಇದೇ ಮೊದಲ ಕಪ್.

ಮಾಮೂ ಫೋನ್ ಮಾಡಿದರು. ಮನೆಯವರೊಂದಿಗೆ ಬರೀ ಉರ್ದು ಮಾತಾಡುವವರು, "ಗೆದ್ವಲೇ, ನಾವು ಗೆದ್ವಿ!" ಎಂದು ಕನ್ನಡದಲ್ಲೇ ಕೂಗಿದರು. ಅವರು ಊರಿಗೆ ಬಂದು ಮೂರು ವರ್ಷವಾಗಿತ್ತು. ಅಮ್ಮಿ ಫೋನ್ ಕಸಿದುಕೊಂಡು, ಈ ರಂಜಾನ್‌ಗಾದರೂ ಬರುತ್ತೀಯಾ ಎಂದು ಕೇಳಿದರು. ಆ ಕಡೆ ಬರೀ ಗದ್ದಲ, ಡೋಲಿನ ಸದ್ದು. ರಜೆ ಕೇಳಿ ನೋಡುತ್ತೇನೆ ಅಂದರು.