ಮುಳ್ಳು ನಡುವೆಯೇ ಇತ್ತು

ನನ್ನ ಕೊಠಡಿಗೆ ಬರುವ ಮಿತ್ರರೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಇತಿಹಾಸ ಓದುವವನ ಮೇಜಿನ ಮೇಲೆ ಈ ಮುರುಕು ಪಿಸ್ಟನ್ ಏಕೆ? ಕಾಗದಗಳು ಹಾರದಿರಲೆಂದು ಇಟ್ಟಿದ್ದೇನೆ ಎಂದು ಹೇಳಿ ಇಷ್ಟು ದಿನ ಜಾರಿಕೊಂಡೆ. ಈಗ ಸಂಚಿಕೆಗೆ ಏನಾದರೂ ಬರೆಯಲೇಬೇಕೆಂದು ಸಂಪಾದಕ ಮಿತ್ರರು ಬೆನ್ನು ಹತ್ತಿರುವುದರಿಂದ ನಿಜವನ್ನೇ ಬರೆದುಬಿಡುತ್ತೇನೆ.

ಸಕಲೇಶಪುರದಲ್ಲಿ ನನ್ನ ಸೋದರಮಾವನವರ ಕಾರು ರಿಪೇರಿ ಷೆಡ್ಡು ಇದೆ. ರಜೆ ಬಂತೆಂದರೆ ಸ್ಪ್ಯಾನರು ಎತ್ತಿಕೊಡುವ ಕೆಲಸಕ್ಕೆ ನಾನು ಅಲ್ಲಿ ಹಾಜರು. ಕಳೆದ ಬೇಸಿಗೆಯಲ್ಲಿ ಒಂದು ದಿನ ಮಾವ ಬಿಡಿಭಾಗ ತರಲು ಹಾಸನಕ್ಕೆ ಹೋದರು. "ಯಾರಾದರೂ ಬಂದರೆ ಕೂರಿಸು. ನೀನಾಗಿ ಏನೂ ಹೇಳೋಕೆ ಹೋಗಬೇಡ" ಎಂದು ಎಚ್ಚರಿಸಿಯೇ ಹೋದರು.

ಮಧ್ಯಾಹ್ನದ ಉರಿಬಿಸಿಲಿನಲ್ಲಿ ತರುಣನೊಬ್ಬ ಕಾರು ತಂದು ನಿಲ್ಲಿಸಿದ. ಟರ್ಬೊ ಇರುವ ಪೆಟ್ರೋಲ್ ಕಾರು. ಇದ್ದ ಬಲ ಸಾಲದೆಂದು ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಬದಲಿಸಿ ಬೂಸ್ಟು ಏರಿಸಿಕೊಂಡಿದ್ದನಂತೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ, ಕಾಲು ಅದುಮಿದಾಗಲೆಲ್ಲ, ತಗಡಿನ ಡಬ್ಬದಲ್ಲಿ ಹುರುಳಿಕಾಳು ಅಲುಗಿಸಿದಂಥ ಸದ್ದು ಬರುತ್ತಿತ್ತೆಂದ. ಹಿಂದಿನ ಸೀಟಿನಲ್ಲಿ ಅವನ ತಾಯಿ ಕುಳಿತಿದ್ದರು.

ಬಾನೆಟ್ಟು ಎತ್ತಿದೆ. ಕೂಲೆಂಟ್ ಡಬ್ಬಿ ತುಂಬಿತ್ತು. ಮೀಟರು ನೋಡಿದೆ, ತಾಪದ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ತಾಯಿ ಮಗ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಗೌರವದಿಂದ ನನ್ನ ಮುಖವನ್ನು, ನಮ್ಮ ತರಗತಿಯಲ್ಲಂತೂ, ಯಾರೂ ನೋಡಿದ್ದಿಲ್ಲ. "ಬಿಸಿಯೇನೂ ಆಗಿಲ್ಲ, ಧೈರ್ಯವಾಗಿ ಹೋಗಿಬನ್ನಿ" ಎಂದುಬಿಟ್ಟೆ.

ಬಾಳ್ಳುಪೇಟೆ ದಾಟುವಷ್ಟರಲ್ಲಿ ಎಂಜಿನ್ ನಡುಗಿ ನೀಲಿ ಹೊಗೆ ಕಾರಿತಂತೆ. ಸಂಜೆ ಆ ಕಾರು ಇನ್ನೊಂದು ವಾಹನದ ಬೆನ್ನೇರಿ ನಮ್ಮ ಷೆಡ್ಡಿಗೇ ಬಂತು. ಮಾವ ಬಿಚ್ಚಿ ನೋಡಿದಾಗ ಒಂದು ಪಿಸ್ಟನ್ನಿನಲ್ಲಿ ಮೇಲಿನ ಎರಡು ಉಂಗುರಗಳ ನಡುವಿನ ಅಂಚು ಮುರಿದಿತ್ತು. ತಲೆಯ ಒಂದು ಬದಿ ಗೆದ್ದಲು ತಿಂದ ಹಲಗೆಯಂತೆ ಕುಳಿಬಿದ್ದಿತ್ತು.

"ಮುಳ್ಳು ನಡುವೆಯೇ ಇತ್ತು, ಮಾವ" ಎಂದೆ.

"ಮುಳ್ಳು ಹೇಳೋದು ನೀರಿನ ಬಿಸಿ ಕಣೋ, ಪಿಸ್ಟನ್ನಿಂದಲ್ಲ" ಎಂದರು.

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಟರ್ಬೊ ಮಾಡುವುದೂ ಅದನ್ನೇ. ಹೊರಹೋಗುವ ಹೊಗೆಯ ಬಲದಿಂದ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು, ಪೆಟ್ರೋಲು ಹೆಚ್ಚಿದಷ್ಟೂ ಉರಿ. ಮಿತಿ ಮೀರಿದರೆ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಹುರುಳಿಕಾಳಿನ ಸದ್ದು ಅದೇ. ಒಳಗಿನ ಉರಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಮೈಗಂಟಿದ ಅನಿಲದ ತೆಳು ಪೊರೆ, ಉಂಗುರಗಳ ಮೂಲಕ ಸಿಲಿಂಡರಿನ ಗೋಡೆಗೆ ಹರಿದುಹೋಗುವ ಶಾಖ, ಕೆಳಗಿನ ಎಣ್ಣೆ, ಇವುಗಳ ದಯೆಯಿಂದ ಪಿಸ್ಟನ್ ಬದುಕಿರುತ್ತದೆ. ಸಿಡಿತದ ಪೆಟ್ಟು ಮೊದಲು ಆ ಪೊರೆಯನ್ನೇ ಹರಿಯುತ್ತದೆ. ಆಗಲೂ ನೀರು ತನ್ನ ಪಾಡಿಗೆ ತಾನು ಇರಬಹುದು.

"ಸದ್ದು ಕೇಳಿ ಕಿಡಿಯನ್ನು ತಡಮಾಡಲಿ ಅಂತ ಕಾರಿಗೆ ಒಂದು ಕಿವಿ ಇಟ್ಟಿರ್ತಾರೆ, ನಾಕ್ ಸೆನ್ಸರ್. ಲೆಕ್ಕ ಬದಲಿಸಿದವರು ಅದಕ್ಕೆ ಹತ್ತಿ ತುರುಕಿದರು. ನೀನು ನಿನ್ನ ಕಿವಿಗೇ ತುರುಕಿಕೊಂಡೆ" ಎಂದರು ಮಾವ.

ನಾನು ಹೇಳಬೇಕಾಗಿದ್ದುದು ಎಷ್ಟು ಅಲ್ಪ! ಬೂಸ್ಟು ಮೊದಲಿನಷ್ಟಕ್ಕೆ ಇಳಿಸಿ. ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿಸಿ. ಇಂಟರ್‌ಕೂಲರಿನ ಕೆಸರು ತೊಳೆಸಿ. ಸದ್ದು ಬಂದೊಡನೆ ಕಾಲು ಸಡಿಲಿಸಿ, ಕೆಳಗಿನ ಗೇರಿನಲ್ಲಿ ಹಗುರಾಗಿ ಹತ್ತಿ.

ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಆಮೇಲೆ ಹಳೆಯ ಕಥೆಗಳನ್ನೂ ಹುಡುಕಿದೆ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಂತು. ಸಿಡಿತ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡು ಅದರಲ್ಲಿತ್ತು. ದ್ರವ ತೀರಿದರೆ ಬೂಸ್ಟು ತಾನಾಗಿ ತಗ್ಗುತ್ತಿತ್ತು. ಕೊಂಡವರಲ್ಲಿ ಅನೇಕರು ಅದನ್ನು ತುಂಬಿಸಲು ಮರೆತರು. 1963ರ ಮಾದರಿಯೊಂದಿಗೆ ಆ ಕಾರು ನಿಂತೇಹೋಯಿತು. ಬಲ ಬೇಕು, ತಣಿಸುವ ಗೊಡವೆ ಬೇಡ. ಮನುಷ್ಯ ಎಲ್ಲ ಕಡೆಯೂ ಒಂದೇ!

ಮಾವ ನನ್ನನ್ನು ಬೈಯಲಿಲ್ಲ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. "ಆದದ್ದನ್ನು ಅವರಿಗೆ ನೀನೇ ಹೇಳು" ಎಂದರು. ಹೇಳಿದೆ. ತರುಣ "ನನ್ನ ತಪ್ಪೂ ಇದೆ ಬಿಡಿ" ಎಂದ. ಅವನ ತಾಯಿ ಮಾತ್ರ, "ಗೊತ್ತಿಲ್ಲ ಅಂದಿದ್ದರೆ ನಿಮ್ಮ ಮಾವ ಬರೋ ತನಕ ಕಾಯ್ತಿದ್ದೆವಲ್ಲಪ್ಪ" ಎಂದರು.

ಗೊತ್ತಿಲ್ಲದ ಪ್ರಶ್ನೆಗೂ ಪುಟಗಟ್ಟಲೆ ಉತ್ತರ ಬರೆಯುವುದು ನಮ್ಮೆಲ್ಲರ ಅಭ್ಯಾಸ. ದಯಾಳುಗಳಾದ ಅಧ್ಯಾಪಕರು ಅದಕ್ಕೂ ಒಂದೆರಡು ಅಂಕ ಕೊಡುವುದುಂಟು. ಎಂಜಿನ್ ಕೊಡಲಿಲ್ಲ. ಆ ಪಿಸ್ಟನ್ನನ್ನು ಮಾವನಿಂದ ಕೇಳಿ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.