ಬಿಲಾಲರ ಬಣ್ಣ ಯಾವುದು?

ಹಲಸಿನ ಕಾಲ ಬಂತೆಂದರೆ ಚೇಳೂರಿನ ನಮ್ಮ ಮನೆಗೆ ನೆಂಟರೂ ಬರುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಎಲ್ಲರೂ ತೊಳೆ ಬಿಡಿಸುತ್ತಾ ಕುಳಿತಿದ್ದೆವು. ಅಂಗಳದಲ್ಲಿ ಆಡುತ್ತಿದ್ದ ನಮ್ಮ ಆರು ವರ್ಷದ ಮಗಳನ್ನು ಫುಪ್ಪು ಕೂಗಿದರು: “ಬಿಸಿಲಿಗೆ ಹೋಗ್ಬೇಡ್ವೇ, ಮೊದಲೇ ಕಪ್ಪು. ಇನ್ನೂ ಕಪ್ಪಾದ್ರೆ ನಿನ್ನ ಯಾರು ಕಟ್ಕೋತಾರೆ?” ಎಲ್ಲರೂ ನಕ್ಕರು. ನಾವೂ ನಕ್ಕೆವು.

ಎರಡು ದಿನದ ನಂತರ ಅವಳು ಮನೆಯವರ ಚಿತ್ರ ಬರೆದಳು. ಅದರಲ್ಲೊಬ್ಬಳು ಬಿಳಿ ಹುಡುಗಿ. ಯಾರೆಂದು ಕೇಳಿದರೆ, “ನಾನೇ, ದೊಡ್ಡವಳಾದ ಮೇಲೆ” ಎಂದಳು. ನಮ್ಮ ನಗು ಅವಳಲ್ಲಿ ಎಲ್ಲಿಗೆ ಮುಟ್ಟಿತ್ತೆಂದು ಆಗ ತಿಳಿಯಿತು.

ಆ ರಾತ್ರಿ ಹ. ಬಿಲಾಲ್(ರ)ರ ಕಥೆಯ ಪುಸ್ತಕ ತೆರೆದೆವು. ಮಕ್ಕಾದ ಸುಡುವ ಮರಳು, ಎದೆಯ ಮೇಲೆ ಬಂಡೆ, ಹ. ಅಬೂಬಕರ್(ರ) ಹಣ ತೆತ್ತು ಬಿಡಿಸಿದ್ದು, ಕ್ರಿ.ಶ. 630ರಲ್ಲಿ ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಟ್ಟದ್ದು ಎಲ್ಲವನ್ನೂ ಹೇಳಿದೆವು. ಸಹಾಬಿಗಳ ಚಿತ್ರ ಬರೆಯುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಪುಟಗಳಲ್ಲಿ ಮರಳು, ಖರ್ಜೂರದ ಮರ, ಒಂಟೆ ಮಾತ್ರ ಇದ್ದವು.

“ಅವರು ಯಾವ ಬಣ್ಣ?”

“ಕಪ್ಪು. ನಿನಗಿಂತಲೂ ಕಪ್ಪು.”

“ಹಾಗಾದ್ರೆ ಫುಪ್ಪು ಅವರಿಗೂ ಹಾಗೇ ಅಂತಿದ್ರಾ?”

ನಮ್ಮಲ್ಲಿ ಉತ್ತರವಿರಲಿಲ್ಲ. ಬಿಳಿಯನಿಗೆ ಕರಿಯನ ಮೇಲೆ ಯಾವ ಹಿರಿಮೆಯೂ ಇಲ್ಲವೆಂಬ ಪ್ರವಾದಿ(ಸ)ಯವರ ವಿದಾಯ ಭಾಷಣದ ಮಾತನ್ನು ವೇದಿಕೆಯಲ್ಲಿ ಎಷ್ಟೋ ಸಲ ಕೇಳಿದವರು ನಾವು. ಭಾಷೆ ಮತ್ತು ಬಣ್ಣಗಳ ವೈವಿಧ್ಯ ಅಲ್ಲಾಹನ ನಿದರ್ಶನವೆಂದು ಕುರ್‌ಆನಿನ ‘ಅರ್ರೂಮ್’ ಅಧ್ಯಾಯದಲ್ಲಿ ಓದಿದವರೂ ಹೌದು. ಆದರೆ ಆ ಮಾತು ಹಲಸು ಬಿಡಿಸುವ ಜಾಗದವರೆಗೆ ಬಂದಿರಲಿಲ್ಲ.

ಬೆಂಗಳೂರಿನ ಬಂಧುವೊಬ್ಬರು ‘ದಿ ಸ್ನೋಯಿ ಡೇ’ ತಂದುಕೊಟ್ಟರು. ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ಪ್ರಕಟಿಸಿದ ಚಿತ್ರಪುಸ್ತಕ. ಪೀಟರ್ ಎಂಬ ಕಪ್ಪು ಹುಡುಗ ಕೆಂಪು ಉಡುಪು ತೊಟ್ಟು ಹಿಮದಲ್ಲಿ ಆಡುತ್ತಾನೆ, ಅಷ್ಟೇ. ತಾರತಮ್ಯದ ಬಗ್ಗೆ ಒಂದು ಮಾತೂ ಇಲ್ಲ. ಕಪ್ಪು ಮಗುವೂ ಸುಮ್ಮನೆ ಆಡಬಹುದು ಎಂಬುದೇ ಅಲ್ಲಿನ ಪಾಠ.

“ಇಂಥವರು ನಮ್ಮ ಕಡೆ ಇದ್ದಾರಾ?” ಎಂದು ಕೇಳಿದಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಬಗ್ಗೆ ಹೇಳಿದೆವು. ಆಫ್ರಿಕಾ ಮೂಲದ ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಎಲ್ಲರೂ ಇದ್ದಾರೆ. ತಲೆಮಾರುಗಳಿಂದ ಇಲ್ಲಿಯವರಾದರೂ “ಯಾವ ದೇಶ?” ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ. ಒಂದು ಸಂಗತಿಯನ್ನು ಮಾತ್ರ ಅವಳಿಗೆ ಹೇಳಲಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ತೀರಿಕೊಂಡಾಗ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತ್ತು. ಅಂಗಳದ ನಗು ಅಂಗಳದಲ್ಲೇ ನಿಲ್ಲುವುದಿಲ್ಲ.

ಮತ್ತೆ ಫುಪ್ಪು ಬಂದಾಗ ಮಗಳು ಆ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟು ಪುಟ ತಿರುವುತ್ತಾ ತಾನೇ ಕಥೆ ಹೇಳಿದಳು. “ಕೆಂಪು ಅಂಗಿ ಹುಡುಗನಿಗೆ ಚೆನ್ನಾಗಿ ಒಪ್ಪುತ್ತೆ” ಎಂದರು ಫುಪ್ಪು. ಬಿಸಿಲಿನ ಮಾತು ಅಂದು ಬರಲಿಲ್ಲ.

ಫುಪ್ಪುವನ್ನಷ್ಟೇ ದೂರಿದರೆ ನ್ಯಾಯವಲ್ಲ. ಹಿಂದಿನ ವರ್ಷ ತಮ್ಮನಿಗೆ ಹೆಣ್ಣು ಹುಡುಕುವಾಗ, “ಹುಡುಗಿ ಬೆಳ್ಳಗಿದ್ದಾಳಾ?” ಎಂದು ಮೊದಲು ಕೇಳಿದವರು ನಾವೇ. ಮಕ್ಕಳು ಚಿತ್ರಪುಸ್ತಕಕ್ಕಿಂತ ಮೊದಲು ಓದುವುದು ನಮ್ಮನ್ನು.