ಕುದುರೆಮುಖದ ದಾರಿ ಮತ್ತು ನಮ್ಮ ಭಯ

ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಅಲ್ಲಿಂದ ಒಂದು ದಾರಿ ಕೆರೆಕಟ್ಟೆಯ ಮೂಲಕ ಶೃಂಗೇರಿಗೆ, ಇನ್ನೊಂದು ಹನುಮಾನ್ ಗುಂಡಿ ಜಲಪಾತದ ಪಕ್ಕದಿಂದ ಕುದುರೆಮುಖ, ಸಂಸೆ, ಕಳಸಕ್ಕೆ. ಕರಾವಳಿಯ ಸೆಕೆಯಲ್ಲಿ ಬೆಂದವರಿಗೆ ಇಷ್ಟು ಹತ್ತಿರ ಇಂಥ ತಂಪು ಬೇರೆಲ್ಲಿದೆ? ಆದರೂ ಹಲವು ವರ್ಷ ಈ ಹೆಸರೆತ್ತಿದರೆ ಮನೆಯಲ್ಲಿ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಅಲ್ಲಿ ಗಲಾಟೆ ಇಲ್ಲ ತಾನೆ?"

ಪ್ರಶ್ನೆಗೆ ಕಾರಣವಿತ್ತು. ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆ ಎಂಬ ಆತಂಕ ಕಾಡಿನ ಮನೆಗಳಲ್ಲಿ ಹಬ್ಬಿದ್ದ ಕಾಲದಲ್ಲೇ ನಕ್ಸಲರು ಇಲ್ಲಿ ನೆಲೆಯೂರಿದರು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ಸಾಕೇತ್ ರಾಜನ್ ಹತ್ಯೆಯಾಯಿತು. ಅಲ್ಲಿಂದ ಮುಂದೆ ಟಿ.ವಿ.ಯಲ್ಲಿ ಇಡೀ ಮಲೆನಾಡಿಗೆ 'ನಕ್ಸಲ್ ಪೀಡಿತ' ಎಂಬ ಒಂದೇ ಹಣೆಪಟ್ಟಿ. ದೂರದಲ್ಲಿದ್ದಷ್ಟೂ ಭಯ ಹೆಚ್ಚು. ಬೆಂಗಳೂರಿನವರಿಗೆ ಮೆಣಸಿನಹಾಡ್ಯವೂ ಕಳಸವೂ ಒಂದೇ. ಕಳಸದವರು ಮಾತ್ರ ಎಂದಿನಂತೆ ತೋಟಕ್ಕೆ ಹೋಗುತ್ತಿದ್ದರು, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿದ್ದರು.

ಆದರೆ ಕುದುರೆಮುಖ ಪಟ್ಟಣ ಬರಿದಾದದ್ದಕ್ಕೆ ಬಂದೂಕನ್ನಷ್ಟೇ ದೂರುವುದು ಸರಿಯಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ ಅದೇ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ನೌಕರರ ಕುಟುಂಬಗಳು ಊರು ಬಿಟ್ಟವು; ಅವರನ್ನು ನೋಡಲು ಬರುತ್ತಿದ್ದ ನೆಂಟರಿಷ್ಟರೂ ನಿಂತರು. ಗಣಿ ಮುಚ್ಚಿದ್ದು ಪರಿಸರಕ್ಕೆ ಒಳ್ಳೆಯದೇ ಆಯಿತು. ಅಂಗಡಿ ಇಟ್ಟುಕೊಂಡವನಿಗೆ ಮಾತ್ರ ಎರಡೂ ಪೆಟ್ಟು ಒಟ್ಟಿಗೆ ಬಿದ್ದವು.

ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹರಕೆ ಹೊತ್ತವರು ಆಗಲೂ ಬರುತ್ತಲೇ ಇದ್ದರು. ಹರಕೆ ಮುಂದಕ್ಕೆ ಹಾಕುವ ಮಾತಲ್ಲ. ಬೆಟ್ಟ ನೋಡುವ ಆಸೆಯನ್ನು ಮುಂದಕ್ಕೆ ಹಾಕಬಹುದು, ಬೇರೆ ಬೆಟ್ಟಕ್ಕೂ ಹೋಗಬಹುದು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡುವವನು ಸಾಹಸ ಹುಡುಕುವುದಿಲ್ಲ. ಸಂಜೆ ಎಲ್ಲರೂ ಸುಖವಾಗಿ ಮನೆ ಸೇರಬೇಕು, ಅಷ್ಟೆ.

ನಮ್ಮ ಕಡೆಯವರಿಗೆ ಇನ್ನೊಂದು ಭಯವೂ ಇತ್ತು, ಅದು ನಕ್ಸಲರದ್ದಲ್ಲ. 2014ರ ಏಪ್ರಿಲ್‌ನಲ್ಲಿ ಶೃಂಗೇರಿ ಬಳಿಯ ತನಿಕೋಡು ತಪಾಸಣಾ ಠಾಣೆಯಲ್ಲಿ, ಜಾನುವಾರು ಸಾಗಿಸುತ್ತಿದ್ದ ವಾಹನದಲ್ಲಿದ್ದ ಮಂಗಳೂರು ಕಡೆಯ ಮುಸ್ಲಿಂ ಯುವಕನೊಬ್ಬ ನಕ್ಸಲ್ ನಿಗ್ರಹ ದಳದ ಸಿಬ್ಬಂದಿಯ ಗುಂಡಿಗೆ ಬಲಿಯಾದ. ಆಮೇಲೆ ಆ ದಾರಿಯಲ್ಲಿ ಗೇಟು ಕಂಡಾಗ ಎದೆ ಢವಗುಟ್ಟಿದರೆ ಅದನ್ನು ಪುಕ್ಕಲುತನ ಎನ್ನಲಾಗದು. ಯಾತ್ರಿಕನಿಗೆ ರಕ್ಷಣೆ ನೀಡಲು ನಿಂತವರೇ ಭಯವಾಗಿಬಿಟ್ಟರೆ ಪ್ರವಾಸೋದ್ಯಮದ ಜಾಹೀರಾತಿನಿಂದ ಏನು ಪ್ರಯೋಜನ?

ಕಾಶ್ಮೀರದ ಸ್ಥಿತಿ ಬೇರೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರನ್ನೇ ಗುರಿ ಮಾಡಿ 26 ಮಂದಿಯನ್ನು ಕೊಂದರು; ಶಿವಮೊಗ್ಗದವರೊಬ್ಬರೂ ಅವರಲ್ಲಿದ್ದರು. ಕೂಡಲೇ ಅಲ್ಲಿನ ಹಲವು ತಾಣಗಳಿಗೆ ಬೀಗ ಬಿತ್ತು. ಕುದುರೆ ನಡೆಸಿ, ಶಾಲು ಮಾರಿ ಬದುಕುವವರ ಒಲೆ ಆರಿತು. ಅವರೇನು ತಪ್ಪು ಮಾಡಿದ್ದರು?

ಇಲ್ಲಿ ಕಾಲ ಬದಲಾಗಿದೆ. 2024ರ ನವೆಂಬರಿನಲ್ಲಿ ಹೆಬ್ರಿ ಸಮೀಪ ವಿಕ್ರಂ ಗೌಡ ಹತನಾದ. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಈಗ 1,894 ಮೀಟರ್ ಎತ್ತರದ ಶಿಖರಕ್ಕೆ ಆನ್‌ಲೈನಿನಲ್ಲಿ ಮುಂಗಡ ಕಾದಿರಿಸಬೇಕು. ಜನ ಬರುತ್ತಿಲ್ಲ ಎಂಬ ಚಿಂತೆ ಹೋಗಿ, ಹೆಚ್ಚು ಬರುತ್ತಾರೆಂಬ ಚಿಂತೆ ಅರಣ್ಯ ಇಲಾಖೆಗೆ.

ಚಾರಣ ಶುರುವಾಗುವುದು ಮುಳ್ಳೋಡಿಯಿಂದ. ಅಲ್ಲಿಯವರೆಗೆ ಕಚ್ಚಾ ರಸ್ತೆ, ಸ್ಥಳೀಯರ ಜೀಪು ಹಿಡಿಯುವುದೇ ವಾಸಿ. ಅಲ್ಲಿನ ಮನೆಗಳಲ್ಲೇ ಊಟ, ವಸತಿ. ಪ್ರವಾಸಿ ಕೊಡುವ ದುಡ್ಡು ನೇರ ಆ ಮನೆಯ ಅಡುಗೆಮನೆಗೆ ಸೇರುತ್ತದೆ. ಮಳೆ ಶುರುವಾದ ಮೇಲೆ ಹೋಗುವವರು ಉಂಬಳಕ್ಕೆ ಒಂದಿಷ್ಟು ಉಪ್ಪು ಜೇಬಿನಲ್ಲಿಟ್ಟುಕೊಳ್ಳಲಿ.